ಕೈ ಬಿಟ್ಟವರ ಲೆಕ್ಕ: ಜೋಡಿ ಸ್ಕೇಟರ್ ಒಬ್ಬಳ ಪ್ರಕರಣ

ಆಕೆ ತನ್ನ ಬದುಕನ್ನು ಇಸವಿಗಳಲ್ಲಿ ಹೇಳುತ್ತಿರಲಿಲ್ಲ. "ಅದು ಎರಡನೆಯವನ ಕಾಲದಲ್ಲಿ", "ಭುಜದ ನೋವು ಶುರುವಾದದ್ದು ಮೂರನೆಯವನ ಮೊದಲ ಸೀಸನ್‌ನಲ್ಲಿ" ಎನ್ನುತ್ತಿದ್ದಳು. ಮೊದಲ ಭೇಟಿಯ ಒಂದು ಗಂಟೆಯಲ್ಲಿ ಮೂವರು ಸ್ಕೇಟಿಂಗ್ ಜೊತೆಗಾರರ ಹೆಸರನ್ನೂ ಒಮ್ಮೆಯೂ ಎತ್ತಲಿಲ್ಲ. ಮೊದಲನೆಯವ, ಎರಡನೆಯವ, ಮೂರನೆಯವ, ಅಷ್ಟೇ.

ವಯಸ್ಸು 26. ಹದಿಮೂರರಿಂದ ಜೋಡಿ ಸ್ಕೇಟಿಂಗ್. ಮೂರನೆಯ ಜೊತೆಗಾರ ಬಿಟ್ಟುಹೋಗಿ ಹನ್ನೊಂದು ವಾರವಾಗಿತ್ತು. ಹೋಗುವ ಸುದ್ದಿ ಆಕೆಗೆ ಮೊಬೈಲ್ ಸಂದೇಶದಲ್ಲಿ ತಿಳಿದಿತ್ತು. ಎರಡೇ ದಿನಕ್ಕೆ ಕೋಚ್ ಹೊಸಬನೊಬ್ಬನ ಜೊತೆ ಟ್ರೈಔಟ್, ಅಂದರೆ ಜೋಡಿ ಹೊಂದುತ್ತದೋ ಎಂದು ನೋಡುವ ಪರೀಕ್ಷೆ, ಗೊತ್ತುಮಾಡಿದ್ದರು. ಅಲ್ಲಿ ಥ್ರೋ ಮಾಡುವಾಗ ಆಕೆ ಮೂರು ಸಲ ಬಿದ್ದಳು, ನಾಲ್ಕನೆಯ ಸಲ ಮೇಲಕ್ಕೆ ಜಿಗಿಯಲೇ ಇಲ್ಲ. "ಕಾಲು ಸರಿಯಾಗಿತ್ತು ಮೇಡಂ, ದೇಹ ಹೋಗಲಿಲ್ಲ" ಎಂದಳು. ಕ್ರೀಡಾ ವೈದ್ಯರು ಪಾದ, ಮಂಡಿ, ಸೊಂಟ ಎಲ್ಲ ನೋಡಿ, ಏನೂ ತೊಂದರೆ ಕಾಣದೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು.

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಈ ಆಟದ ಮಕ್ಕಳು, ಅವರ ತಂದೆತಾಯಿ, ಕೋಚ್‌ಗಳು ಓದಲಿ ಎಂಬುದು ಆಕೆಯದೇ ಆಸೆ.

ಜೋಡಿ ಸ್ಕೇಟಿಂಗ್ ನೋಡದವರಿಗೆ ಒಂದೆರಡು ಮಾತು ಹೇಳಲೇಬೇಕು. ಥ್ರೋ ಎಂದರೆ ಆತ ವೇಗದಲ್ಲಿ ಆಕೆಯನ್ನು ಎಸೆಯುತ್ತಾನೆ. ಆಕೆ ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂದೇ ಕಾಲಿನ ಬ್ಲೇಡಿನ ಹೊರ ಅಂಚಿನ ಮೇಲೆ, ಹಿಮ್ಮುಖವಾಗಿ ಇಳಿಯಬೇಕು. ಟ್ವಿಸ್ಟ್‌ನಲ್ಲಿ ಆತ ಆಕೆಯನ್ನು ತಲೆಯ ಮೇಲಕ್ಕೆಸೆದು ಕೈ ಬಿಡುತ್ತಾನೆ, ಆಕೆ ನೆಲಕ್ಕೆ ಸಮಾನಾಂತರವಾಗಿ ಸುತ್ತಿ ಬರುವಾಗ ಸೊಂಟಕ್ಕೆ ಹಿಡಿಯುತ್ತಾನೆ. ಸುತ್ತು ತಡವಾಗಿ ಬಿಚ್ಚಿದರೆ ಆಕೆಯ ಮೊಣಕೈ ಅವನ ಮೂಗಿಗೋ ಹಣೆಗೋ ಬಡಿಯುತ್ತದೆ. ಲಿಫ್ಟ್‌ನಲ್ಲಂತೂ ಆತ ಕೈ ಚಾಚಿ ಆಕೆಯನ್ನು ಎತ್ತಿ ಹಿಡಿದು ತಾನೂ ತಿರುಗುತ್ತ ರಿಂಕಿನ ಉದ್ದಕ್ಕೂ ಸಾಗುತ್ತಾನೆ. ಇದೆಲ್ಲ ಆಗುವುದು ಹೆಲ್ಮೆಟ್ ಇಲ್ಲದ ತಲೆಯಲ್ಲಿ, ಗಟ್ಟಿ ಮಂಜುಗಡ್ಡೆಯ ಮೇಲೆ. ಮೇಲೇಳುವ ಕ್ಷಣದಲ್ಲಿ ಅರೆಗಳಿಗೆ ಅನುಮಾನ ಬಂದರೂ ಸುತ್ತು ಅರ್ಧಕ್ಕೇ ಬಿಚ್ಚಿಕೊಳ್ಳುತ್ತದೆ. ಆಕೆಗೆ ಆಗುತ್ತಿದ್ದದ್ದು ಅದೇ.

ಮೊದಲನೆಯವನ ಜೊತೆ ಐದು ವರ್ಷ. ಇಬ್ಬರೂ ಮಕ್ಕಳು, ಜಗಳವಿಲ್ಲ. ಆಕೆ ಬೆಳೆದಳು, ಅವನು ಅಷ್ಟು ಬೆಳೆಯಲಿಲ್ಲ. ಲಿಫ್ಟ್ ಕಷ್ಟವಾಯಿತು, ಅವನು ಓದಿನ ಕಡೆ ಹೊರಳಿದ. ಆ ದಿನ ಮನೆಯವರು, ಕೋಚ್, ಎಲ್ಲರೂ ಹೇಳಿದ್ದು ಒಂದೇ ಮಾತು: "ಇನ್ನೊಬ್ಬ ಸಿಗ್ತಾನೆ ಬಿಡು." ಹದಿನೆಂಟರ ಹುಡುಗಿ ಅಳಲೂ ಇಲ್ಲ.

ಎರಡನೆಯವ ಬಲಶಾಲಿ. ಮೂರು ವರ್ಷ, ಆಕೆಯ ಅತಿ ಒಳ್ಳೆಯ ಅಂಕಗಳೆಲ್ಲ ಅವನ ಜೊತೆಗೇ ಬಂದವು. ಬಿದ್ದಾಗ ಎಲ್ಲರೆದುರು ಕಿರುಚುತ್ತಿದ್ದ. ತೋಳು ಹಿಡಿದರೆ ಬೆರಳಿನ ಗುರುತು ನೀಲಿಯಾಗಿ ಉಳಿಯುತ್ತಿತ್ತು. ಪ್ರತಿ ಬೆಳಿಗ್ಗೆ ತೂಕ ಕೇಳುತ್ತಿದ್ದ. ಕೊನೆಗೂ ಆಕೆಯೇ ಬಿಟ್ಟಳು. ಮುಂದಿನ ಒಂದು ವರ್ಷ ಜೊತೆಗಾರನಿಲ್ಲದೆ ಒಬ್ಬಳೇ ಅಭ್ಯಾಸ ಮಾಡಿದಳು.

ಮೂರನೆಯವ ಒಳ್ಳೆಯವನು. ನಾಲ್ಕು ವರ್ಷ. ಅದಕ್ಕೇ ಈ ಪೆಟ್ಟು ಜೋರು. ಅವನು ಹೋದದ್ದು ಬೇರೆ ದೇಶದ ಗಿಡ್ಡನೆಯ ಹುಡುಗಿಯೊಬ್ಬಳ ಜೊತೆಗೆ.

"ನನ್ನಲ್ಲೇ ಏನೋ ಇದೆ ಅಲ್ವಾ ಮೇಡಂ? ಮೂವರಿಗೂ ನಾನೇ ಸಾಲಲಿಲ್ಲ."

ಈ ಪ್ರಶ್ನೆಗೆ ಉತ್ತರ ಕೊಡುವ ಆತುರವನ್ನು ನಾನು ಮಾಡಲಿಲ್ಲ. ಮೂರು ಅಗಲಿಕೆಗಳೂ ಒಂದಕ್ಕೊಂದು ಸಂಬಂಧವಿಲ್ಲದವು. ಒಂದು ಬೆಳವಣಿಗೆಯದ್ದು, ಒಂದು ಹಿಂಸೆಯಿಂದ ತಪ್ಪಿಸಿಕೊಂಡದ್ದು, ಒಂದು ಇನ್ನೊಬ್ಬನ ಆಸೆಯದ್ದು. ಆಕೆ ಮೂರನ್ನೂ ಒಂದೇ ಗಂಟು ಕಟ್ಟಿ ತಾನೇ ಹೊತ್ತಿದ್ದಳು. ಹಾಗಾಗಲು ಆಟದ ವ್ಯವಸ್ಥೆಯೂ ಕಾರಣ. ಜೋಡಿ ಸ್ಕೇಟಿಂಗ್‌ಗೆ ಬರುವ ಹುಡುಗರು ಕಡಿಮೆ, ಹುಡುಗಿಯರು ಹೆಚ್ಚು. ಹುಡುಗನಿಗೆ ಆಯ್ಕೆಗಳಿರುತ್ತವೆ, ಹುಡುಗಿ ಸರದಿಯಲ್ಲಿ ನಿಂತಿರುತ್ತಾಳೆ. ಜೊತೆ ಮುರಿದರೆ ರ‍್ಯಾಂಕಿಂಗ್ ಅಂಕಗಳು ಹೊಸ ಜೋಡಿಗೆ ಬರುವುದಿಲ್ಲ, ಅದು ಸೊನ್ನೆಯಿಂದ ಶುರುಮಾಡಬೇಕು. ವಿಶ್ವ ಚಾಂಪಿಯನ್‌ಶಿಪ್‌ಗೆ ಬೇಕಾದ ಕನಿಷ್ಠ ತಾಂತ್ರಿಕ ಅಂಕವನ್ನೂ ಹೊಸದಾಗಿ ಗಳಿಸಬೇಕು. ಇಷ್ಟೆಲ್ಲ ಕೈತಪ್ಪುವ ಕಡೆ, ತಪ್ಪು ತನ್ನದೇ ಎಂದುಕೊಳ್ಳುವುದು ಒಂದು ವಿಚಿತ್ರ ಸಮಾಧಾನ. ತಪ್ಪು ನನ್ನದಾದರೆ ಸರಿಪಡಿಸುವುದೂ ನನ್ನ ಕೈಯಲ್ಲಿದೆ ಎಂಬ ಆಸೆ ಅದರೊಳಗೆ ಅಡಗಿರುತ್ತದೆ.

ಎರಡನೆಯ ಭೇಟಿಗೆ ಆಕೆ ಮೊಬೈಲ್‌ನಲ್ಲಿ ಜೋಡಿ ಸ್ಕೇಟರ್ ಅಲ್ಯೋನಾ ಸಾವ್ಚೆಂಕೊ ಅವರ ಚಿತ್ರ ತೋರಿಸಿದಳು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್, ಬ್ರೂನೊ ಮಾಸೊ ಜೊತೆ ಚಿನ್ನ. ಮೊದಲ ಹಂತವಾದ ಶಾರ್ಟ್ ಪ್ರೋಗ್ರಾಂ ಮುಗಿದಾಗ ನಾಲ್ಕನೆಯ ಸ್ಥಾನ, ಕೊನೆಯ ಹಂತವಾದ ಫ್ರೀ ಸ್ಕೇಟ್‌ನಲ್ಲಿ 159.31 ಅಂಕ ಪಡೆದು ಎಲ್ಲರನ್ನೂ ದಾಟಿದ ಜೋಡಿ. "ಇವರೂ ಜೊತೆಗಾರರನ್ನು ಬದಲಿಸಿದವರೇ. ನನಗೆ ಯಾಕೆ ಆಗ್ತಿಲ್ಲ?"

ಆ ಚಿತ್ರದ ಹಿಂದಿನ ವರ್ಷಗಳನ್ನು ಇಬ್ಬರೂ ಕೂತು ಎಣಿಸಿದೆವು. ಸಾವ್ಚೆಂಕೊ 2002ರ ಒಲಿಂಪಿಕ್ಸ್‌ಗೆ ಹೋದದ್ದು ಉಕ್ರೇನ್ ಪರವಾಗಿ, ಸ್ಟಾನಿಸ್ಲಾವ್ ಮೊರೊಜೊವ್ ಜೊತೆ. ಬಂದದ್ದು 15ನೆಯ ಸ್ಥಾನ. ಆಮೇಲೆ ಜರ್ಮನಿ, ರಾಬಿನ್ ಶೋಲ್ಕೋವಿ ಜೊತೆ ಹನ್ನೊಂದು ವರ್ಷ, ಐದು ವಿಶ್ವ ಪ್ರಶಸ್ತಿ, 2010 ಮತ್ತು 2014ರಲ್ಲಿ ಒಲಿಂಪಿಕ್ ಕಂಚು. 2014ರಲ್ಲಿ ಶೋಲ್ಕೋವಿ ನಿವೃತ್ತರಾದರು. ಮಾಸೊ ಫ್ರಾನ್ಸ್‌ನವರು. ಅಲ್ಲಿನ ಸ್ಕೇಟಿಂಗ್ ಒಕ್ಕೂಟ ಅವರನ್ನು ಬಿಟ್ಟುಕೊಡುವವರೆಗೆ ಜರ್ಮನಿ ಪರ ಸ್ಪರ್ಧಿಸುವಂತಿರಲಿಲ್ಲ. ಒಲಿಂಪಿಕ್ಸ್‌ಗೆ ಬೇಕಾದ ಜರ್ಮನ್ ಪೌರತ್ವ ಅವರ ಕೈಗೆ ಬಂದದ್ದು 2017ರ ಕೊನೆಗೆ, ಒಲಿಂಪಿಕ್ಸ್‌ಗೆ ಕೆಲವೇ ವಾರ ಉಳಿದಿದ್ದಾಗ. ಅಂದರೆ ಹೊಸ ಕೈ ಹಿಡಿದದ್ದಕ್ಕೂ ಚಿನ್ನಕ್ಕೂ ನಡುವೆ ಸುಮಾರು ನಾಲ್ಕು ವರ್ಷ, ಅದರಲ್ಲಿ ಮೊದಲ ಒಂದು ವರ್ಷಕ್ಕೂ ಹೆಚ್ಚು ಬರೀ ಕಾಯುವಿಕೆ. ಆಕೆ ತನಗೆ ಕೊಟ್ಟುಕೊಂಡಿದ್ದದ್ದು ಎರಡು ದಿನ.

ಕೋಚ್ ಕೂಡ ಅವಸರದವರು. 1973ರ ಬ್ರಾಟಿಸ್ಲಾವಾ ವಿಶ್ವ ಚಾಂಪಿಯನ್‌ಶಿಪ್‌ನ ಕತೆಯನ್ನು ಆಕೆಗೆ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಸೋವಿಯತ್ ಒಕ್ಕೂಟದ ಜೋಡಿ ಸ್ಕೇಟರ್ ಐರಿನಾ ರಾಡ್ನಿನಾ ಹಿಂದಿನ ವರ್ಷದವರೆಗೆ ಉಲಾನೊವ್ ಜೊತೆಗಿದ್ದವರು, ಹೊಸ ಜೊತೆಗಾರ ಜೈಟ್ಸೆವ್ ಜೊತೆ ಆಡುವಾಗ ಸಂಗೀತ ನಡುವೆ ನಿಂತುಹೋಯಿತು. ಇಬ್ಬರೂ ನಿಲ್ಲದೆ ಮೌನದಲ್ಲೇ ಮುಗಿಸಿ ಗೆದ್ದರು. ಕತೆ ನಿಜ. ಆದರೆ ಸಂಗೀತ ನಿಂತರೂ ಇಬ್ಬರ ಹೆಜ್ಜೆ ತಪ್ಪದಿರಬೇಕಾದರೆ ಅದರ ಹಿಂದೆ ಎಷ್ಟು ಬೆಳಗು ಎಷ್ಟು ಸಂಜೆ ಇರಬೇಕು ಎಂಬುದನ್ನು ಆ ಕತೆ ಹೇಳುವವರು ಬಿಟ್ಟುಬಿಡುತ್ತಾರೆ. ಮುರಿದುಕೊಂಡು ಕೂತವಳ ಮುಂದೆ ಇಂಥ ಕತೆ ಹೇಳಬೇಡಿ ಎಂದು ಆಕೆಯ ಒಪ್ಪಿಗೆ ಪಡೆದು ಕೋಚ್‌ಗೆ ನಾನೇ ಫೋನಿನಲ್ಲಿ ಹೇಳಿದೆ. ಅವರು ಒಳ್ಳೆಯ ಮನಸ್ಸಿನವರು, ಒಪ್ಪಿಕೊಂಡರು.

ಎರಡನೆಯವನ ಬಗ್ಗೆ ಮಾತು ಬಂದದ್ದು ತಡವಾಗಿ, ಐದನೆಯ ಭೇಟಿಯಲ್ಲಿ. ಬಂದದ್ದೂ ಅಡ್ಡದಾರಿಯಲ್ಲಿ. ಟ್ರೈಔಟ್‌ನ ಹುಡುಗ ಥ್ರೋಗೆ ಮುಂಚೆ ಉಸಿರನ್ನು ಹೇಗೆ ಬಿಡುತ್ತಿದ್ದ ಎಂದು ಕೇಳಿದೆ. ಮೂರನೆಯವ ಬಾಯಿಂದ ಮೆಲ್ಲಗೆ ಊದುತ್ತಿದ್ದನಂತೆ, ಅದು ಕಿವಿಗೆ ಬಿದ್ದೊಡನೆ ಆಕೆಯ ಮಂಡಿ ತಾನಾಗಿ ಬಗ್ಗುತ್ತಿತ್ತು. ಹೊಸಬ ಮೂಗಿನಿಂದ ಜೋರಾಗಿ, ಒಮ್ಮೆಲೇ ಬಿಡುತ್ತಿದ್ದ. ಅದನ್ನು ತೋರಿಸಲು ಹೋಗಿ ಆಕೆ ಅರ್ಧದಲ್ಲಿ ನಿಲ್ಲಿಸಿದಳು. ಎಡಗೈ ತಾನಾಗಿ ಬಲತೋಳಿನ ಮೇಲ್ಭಾಗವನ್ನು, ನೀಲಿಗಟ್ಟುತ್ತಿದ್ದ ಜಾಗವನ್ನು, ಮುಚ್ಚಿಕೊಂಡಿತ್ತು. ಆಕೆಗೆ ಅದರ ಅರಿವೇ ಇರಲಿಲ್ಲ. ಕಿರುಚುವ ಮೊದಲು ಎರಡನೆಯವ ಹಾಗೇ ಮೂಗಿನಿಂದ ಉಸಿರು ಬಿಡುತ್ತಿದ್ದ.

ದೇಹ ಹೋಗದಿದ್ದದ್ದಕ್ಕೆ ಕಾರಣ ಅಲ್ಲಿ ಸಿಕ್ಕಿತು. ಆಕೆ ಹೆದರಿದ್ದು ಥ್ರೋಗೆ ಅಲ್ಲ, ಆ ಸದ್ದಿಗೆ. ಹೊಸ ಹುಡುಗನದು ಇದರಲ್ಲಿ ಯಾವ ತಪ್ಪೂ ಇರಲಿಲ್ಲ.

ಇಲ್ಲಿ ನಾನು ಆಕೆಗೆ ರಷ್ಯಾದ ಜೋಡಿ ಸ್ಕೇಟರ್ ಯೆಲೆನಾ ಬೆರೆಜ್ನಾಯಾ ಅವರ ವಿಷಯ ಹೇಳಿದೆ, ಬಹಳ ಯೋಚಿಸಿಯೇ ಹೇಳಿದೆ. 1996ರ ಜನವರಿಯಲ್ಲಿ ಅಭ್ಯಾಸದ ವೇಳೆ ಅಕ್ಕಪಕ್ಕ ಸ್ಪಿನ್ ಮಾಡುವಾಗ ಅಂದಿನ ಜೊತೆಗಾರನ ಬ್ಲೇಡ್ ಅವರ ತಲೆಬುರುಡೆಗೆ ಹೊಕ್ಕಿತು. ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು, ಮಾತನ್ನು ಮತ್ತೆ ಕಲಿಯಬೇಕಾಯಿತು. ಆಮೇಲೆ ಹೊಸ ಜೊತೆಗಾರ ಆಂಟನ್ ಸಿಖರುಲಿಡ್ಜೆ ಜೊತೆ 1998ರಲ್ಲಿ ಒಲಿಂಪಿಕ್ ಬೆಳ್ಳಿ, 2002ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಜನ ಇದನ್ನು ಛಲದ ಕತೆಯೆಂದು ಹೇಳುತ್ತಾರೆ. ನಾನು ಹೇಳಿದ್ದು ಬೇರೆ ಕಾರಣಕ್ಕೆ. ಆ ಅಪಘಾತಕ್ಕೆ ಮುಂಚೆಯೇ ಅವರನ್ನು ಒರಟಾಗಿ ನಡೆಸಿಕೊಳ್ಳಲಾಗುತ್ತಿತ್ತು ಎಂಬ ವರದಿಗಳಿವೆ. ಬಿಟ್ಟುಬಂದವಳು ಸೋತವಳು ಎಂದು ನನ್ನೆದುರು ಕೂತವಳು ನಂಬಿದ್ದಳು. "ಜೊತೆಗಾರರು ಸಿಗುವುದೇ ಕಷ್ಟವಾದ ಆಟದಲ್ಲಿ, ಒಳ್ಳೆಯ ಅಂಕ ಬರುತ್ತಿದ್ದಾಗಲೇ ನೀವು ಎದ್ದು ಬಂದಿರಿ. ಅದು ನಿಮ್ಮ ಇಡೀ ವೃತ್ತಿಯಲ್ಲಿ ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ" ಎಂದೆ. ಆವತ್ತು ಆಕೆ ಅತ್ತಳು. ಎರಡನೆಯವನ ಬಗ್ಗೆ ಲಿಖಿತ ದೂರು ಕೊಡುವ ದಾರಿ ಈಗಲೂ ಇದೆ ಎಂದು ತಿಳಿಸಿದೆ. ಕೊಡುವುದೋ ಬಿಡುವುದೋ ಆಕೆಯ ನಿರ್ಧಾರ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸಲಹೆಗಳಲ್ಲಿ ಮೊದಲನೆಯದು, ಆರು ವಾರ ಯಾವ ಟ್ರೈಔಟೂ ಬೇಡ. ರಿಂಕಿಗೆ ಹೋಗಿ, ಒಬ್ಬರೇ ಸ್ಕೇಟ್ ಮಾಡಿ. ಜೊತೆಗಾರ ಹೋದಾಗ ಹೋಗದ್ದು ಏನು ಎಂದು ದಿನಕ್ಕೊಂದು ಸಾಲು ಬರೆಯಿರಿ ಎಂದೆ. ಮೊದಲ ವಾರ ಪುಟ ಖಾಲಿ ಬಂತು. ಎರಡನೆಯ ವಾರದಲ್ಲಿ "ಡೆತ್ ಸ್ಪೈರಲ್‌ನಲ್ಲಿ ನನ್ನ ಅಂಚು ಆಳವಾಗಿದೆ, ಮೊದಲನೆಯವನ ಕಾಲದ್ದು" ಎಂದಿತ್ತು. (ಡೆತ್ ಸ್ಪೈರಲ್ ಎಂದರೆ ಆತನ ಒಂದು ಕೈ ಹಿಡಿದು, ಮಂಜಿಗೆ ತಾಗುವಷ್ಟು ಬಾಗಿ ಅವನ ಸುತ್ತ ತಿರುಗುವುದು.) ಆಮೇಲೆ ಪುಟ ತುಂಬತೊಡಗಿತು. ಒಂದು ದಿನ ಬರೆದಿದ್ದಳು: "ಬೇಡ ಎನ್ನಲು ಬರುತ್ತದೆ. ಇದು ಯಾರೂ ಕಲಿಸಿದ್ದಲ್ಲ."

ವಯಸ್ಸಾಯಿತು ಎಂಬ ಆತಂಕ ಆರು ವಾರದುದ್ದಕ್ಕೂ ಕಾಡಿತು. 2024ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಡಿಯಾನಾ ಸ್ಟೆಲ್ಲಾಟೊ-ಡುಡೆಕ್ ಜೋಡಿ ವಿಭಾಗದ ಚಿನ್ನ ಗೆದ್ದದ್ದು 40ನೆಯ ವಯಸ್ಸಿನಲ್ಲಿ, ಅದೂ ಹದಿನಾರು ವರ್ಷ ಆಟವನ್ನೇ ಬಿಟ್ಟಿದ್ದು ಮರಳಿ ಬಂದವರು ಎಂದು ನೆನಪಿಸಿದೆ. ಎಲ್ಲರಿಗೂ ಹಾಗಾಗುತ್ತದೆ ಎಂದೇನೂ ಹೇಳಲಿಲ್ಲ. ಆರು ವಾರಕ್ಕೆ ಬಾಗಿಲು ಮುಚ್ಚುವುದಿಲ್ಲ ಎಂದಷ್ಟೇ ಹೇಳಿದೆ.

ಹೊಸ ಜೊತೆಗಾರನ ಮಾತು ಮತ್ತೆ ಬಂದಾಗ ನಾನು ಹೆಚ್ಚು ಹೊತ್ತು ಕೂತದ್ದು ಐಸ್‌ನ ಹೊರಗೆ ಆಗಬೇಕಾದ ಮಾತುಕತೆಯ ಮೇಲೆ. ಟ್ರೈಔಟ್‌ನಲ್ಲಿ ಎತ್ತರದ ಅಂತರ ನೋಡುತ್ತಾರೆ, ಇಬ್ಬರೂ ಒಂದೇ ದಿಕ್ಕಿಗೆ ಸುತ್ತುತ್ತಾರೋ ನೋಡುತ್ತಾರೆ, ಜಂಪ್ ಹೊಂದುತ್ತದೋ ನೋಡುತ್ತಾರೆ. ಸಿಟ್ಟು ಬಂದರೆ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಕೇಳಿ ಎಂದೆ. ನಿಲ್ಲಿಸಲು ಒಂದು ಪದ ಇಟ್ಟುಕೊಳ್ಳಿ, ಇಬ್ಬರಲ್ಲಿ ಯಾರೇ ಅಂದರೂ ಆ ಕ್ಷಣ ಕೆಳಗಿಳಿಸಬೇಕು, ಯಾಕೆ ಎಂಬ ಪ್ರಶ್ನೆ ಅಂದು ಬೇಡ. ತೂಕದ ಮಾತು ವೈದ್ಯರ ಕೋಣೆಯಲ್ಲಿ ಮಾತ್ರ. ಉಸಿರು ಹೇಗೆ ಬಿಡುತ್ತಾನೆ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿ, ಎಣಿಕೆಯನ್ನು ಬಾಯಿಬಿಟ್ಟು ಎಣಿಸಲು ಕೇಳಿಕೊಳ್ಳಿ. ಕೋಚಿಂಗ್ ಖರ್ಚು ಯಾರದ್ದು ಎಷ್ಟು, ಯಾವ ದೇಶದ ಪರ, ಪೌರತ್ವ ಬೇಕಾದರೆ ಯಾರು ಬದಲಿಸುವವರು, ಇವನ್ನು ಮೊದಲೇ ಬರೆದಿಡಿ. ಮುಖ್ಯವಾಗಿ, ಬಿಡುವುದಾದರೆ ಹೇಗೆ ಬಿಡುತ್ತೇವೆ ಎಂಬುದನ್ನೂ ಬರೆಯಿರಿ: ಎದುರು ಕೂತು, ಬೇರೆ ಯಾರಿಗೂ ಹೇಳುವ ಮುಂಚೆ. ಆಕೆ ಇದಕ್ಕೆ ಮುಖ ಸಿಂಡರಿಸಿದಳು, ಶುರುವಿನಲ್ಲೇ ಅಪಶಕುನದ ಮಾತು ಯಾಕೆ ಎಂದಳು. ಸಂದೇಶ ಬಂದ ಆ ರಾತ್ರಿಯನ್ನು ನೆನಪಿಸಿಕೊಳ್ಳಿ ಎಂದೆ. ಸುಮ್ಮನೆ ಬರೆದುಕೊಂಡಳು.

ಥ್ರೋ ಮತ್ತು ಟ್ವಿಸ್ಟ್ ನೇರ ಐಸ್ ಮೇಲೆ ಬೇಡ, ಮೊದಲು ನೆಲದ ಮೇಲೆ ಚಾಪೆ ಹಾಸಿ, ಆಮೇಲೆ ಸೊಂಟಕ್ಕೆ ಹಾರ್ನೆಸ್ ಕಟ್ಟಿ ಎಂದು ಕೋಚ್ ತಾವೇ ಯೋಜನೆ ಮಾಡಿದರು. ಅದು ಅವರ ವಿದ್ಯೆ, ನಾನು ತಲೆಹಾಕಲಿಲ್ಲ.

ನಾಲ್ಕು ತಿಂಗಳ ನಂತರದ ಭೇಟಿಯಲ್ಲಿ ಆಕೆ ಹೇಳಿದ್ದು ಟ್ವಿಸ್ಟ್‌ನ ಒಂದು ಬೆಳಗಿನ ವಿಷಯ. ಎಣಿಕೆ ಮುಗಿಯುವ ಮೊದಲೇ ನಿಲ್ಲಿಸುವ ಪದ ಬಾಯಿಂದ ಬಂತಂತೆ. ಹೊಸ ಜೊತೆಗಾರ ಆಕೆಯನ್ನು ಕೆಳಗಿಳಿಸಿದ, ಗ್ಲೌಸ್ ಬಿಚ್ಚಿ ಕೈ ಒರೆಸಿಕೊಂಡ, ನೀರು ಕುಡಿದು ಬರೋಣ ಎಂದ. ಅಷ್ಟೇ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರು, ಸುತ್ತು ಪೂರ್ತಿಯಾಯಿತು. ಇದನ್ನು ಹೇಳುವಾಗ ಆಕೆ ಅವನನ್ನು ನಾಲ್ಕನೆಯವ ಎನ್ನಲಿಲ್ಲ, ಹೆಸರಿನಿಂದಲೇ ಕರೆದಳು. ಭುಜ ಇನ್ನೂ ನೋಯುತ್ತಿದೆ, ಥ್ರೋನಲ್ಲಿ ಹತ್ತಕ್ಕೆ ಮೂರು ಸಲ ದೇಹ ಇನ್ನೂ ತಡೆಯುತ್ತದೆ. ಸೀಸನ್‌ನ ಮೊದಲ ಸ್ಪರ್ಧೆಗೆ ಮುಂಚೆ ಇನ್ನೆರಡು ಭೇಟಿ ಇಟ್ಟುಕೊಂಡಿದ್ದೇವೆ, ಒಂದಕ್ಕೆ ಆತನನ್ನೂ ಕರೆತರಲು ಹೇಳಿದ್ದೇನೆ.