ನಾರ್ಮಲ್ ಹೆರಿಗೆ ನಂತರ ಯೋನಿಯ ಹತ್ತಿರ ಹಾಕುವ ಹೊಲಿಗೆಯಲ್ಲಿ ಯಾವ ರೀತಿ ಒಳ್ಳೆಯದು? ಡಾಕ್ಟರ್ ಹತ್ತಿರ ಮುಂಚೆಯೇ ಕೇಳಬಹುದಾ?

ಖಂಡಿತ ಕೇಳಬಹುದು, ಕೇಳಲೇಬೇಕು. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಮೊದಲ ಹೆರಿಗೆಯ ಹೊಲಿಗೆಯಿಂದ ವಾರಗಟ್ಟಲೆ ನೆಟ್ಟಗೆ ಕೂತು ಮಗುವಿಗೆ ಹಾಲು ಕೊಡಲಿಕ್ಕೂ ಆಗಲಿಲ್ಲ, ಈಗ ಎರಡನೆಯದಕ್ಕೆ ಭಯ ಅಂತ ಬರೆದಿದ್ದೀರಿ. ಬಾಣಂತಿ ಅಂದ್ಮೇಲೆ ನೋವು ಇದ್ದಿದ್ದೇ ಅಂತ ಸುಮ್ಮನಾಗಿಸುವವರೇ ಜಾಸ್ತಿ. ಆದರೆ ಆ ನೋವಿಗೂ, ಹೊಲಿದ ರೀತಿಗೂ, ಬಳಸಿದ ದಾರಕ್ಕೂ ಸಂಬಂಧ ಇದೆ.

ಹಳೆಯ ರೀತಿಯಲ್ಲಿ ಸ್ನಾಯುವಿಗೆ ಮತ್ತು ಚರ್ಮಕ್ಕೆ ಬಿಡಿ ಬಿಡಿಯಾಗಿ ಹೊಲಿಗೆ ಹಾಕುತ್ತಾರೆ, ಒಂದೊಂದಕ್ಕೂ ಒಂದು ಗಂಟು. ಹೆರಿಗೆ ಆದ ಮೇಲೆ ಆ ಜಾಗ ಊದಿಕೊಳ್ಳುತ್ತದೆ ಅಲ್ವಾ, ಆಗ ಗಂಟು ಸಡಿಲ ಆಗುವುದಿಲ್ಲ, ಅಲ್ಲೇ ಕಚ್ಚಿ ಹಿಡಿಯುತ್ತದೆ. ಇನ್ನೊಂದು ರೀತಿಯನ್ನು ಕಂಟಿನ್ಯುವಸ್ ಅನ್ನುತ್ತಾರೆ. ಒಂದೇ ದಾರ ಯೋನಿಯ ಒಳಗಿನಿಂದ ಶುರುವಾಗಿ, ಸ್ನಾಯುವನ್ನು ಕೂಡಿಸಿ, ಕೊನೆಗೆ ಚರ್ಮದ ಅಡಿಯಲ್ಲೇ ಸಾಗಿ ಮುಗಿಯುತ್ತದೆ. ಬಿಗಿಯಾಗಿ ಎಳೆಯಬಾರದು, ಅದು ಮುಖ್ಯ. ಊತ ಬಂದರೂ ಎಳೆತ ಉದ್ದಕ್ಕೂ ಹಂಚಿಹೋಗುತ್ತದೆ, ಮೇಲೆ ಚುಚ್ಚುವ ಗಂಟುಗಳೂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಕ್ರಿಸ್ಟೀನ್ ಕೆಟಲ್ ಎಂಬ ಮಿಡ್‌ವೈಫ್ ಮತ್ತು ಜೊತೆಗಾರರು 1542 ಹೆಂಗಸರಲ್ಲಿ ಇವೆರಡನ್ನೂ ಹೋಲಿಸಿ ನೋಡಿದರು. ಅದರ ಫಲಿತಾಂಶ 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹತ್ತನೇ ದಿನ ನೋವು ಇದೆ ಅಂದವರು ಬಿಡಿ ಹೊಲಿಗೆಯಲ್ಲಿ ನೂರಕ್ಕೆ ಸುಮಾರು 44, ಕಂಟಿನ್ಯುವಸ್‌ನಲ್ಲಿ 26-27. ಇದು ಸಣ್ಣ ವ್ಯತ್ಯಾಸ ಅಲ್ಲ. ಮೂರು ತಿಂಗಳ ಹೊತ್ತಿಗೆ ಗಂಡ-ಹೆಂಡತಿ ಸೇರುವಾಗಿನ ನೋವಿನಲ್ಲಿ ಮಾತ್ರ ಎರಡಕ್ಕೂ ಅಂಥ ಫರಕು ಕಾಣಲಿಲ್ಲ, ಅದನ್ನೂ ಹೇಳಬೇಕು. ಲಾಭ ಇರುವುದು ಮೊದಲ ದಿನಗಳಲ್ಲಿ. ಆದರೆ ನಿಮಗೆ ಕಷ್ಟ ಆಗಿದ್ದೂ ಆ ದಿನಗಳಲ್ಲೇ.

ಅದೇ ಅಧ್ಯಯನದಲ್ಲಿ ದಾರವನ್ನೂ ನೋಡಿದ್ದಾರೆ. ಬೇಗ ಕರಗುವ ದಾರ, ಅಂದರೆ ವಿಕ್ರಿಲ್ ರ್‍ಯಾಪಿಡ್ ಥರದ್ದು, ಹಾಕಿದವರಲ್ಲಿ ನೂರಕ್ಕೆ 3 ಜನರಿಗೆ ಆಮೇಲೆ ಹೊಲಿಗೆ ಕತ್ತರಿಸಿ ತೆಗೆಸಬೇಕಾಯಿತು. ಮಾಮೂಲಿ ವಿಕ್ರಿಲ್‌ನಲ್ಲಿ 13. ಬೇಗ ಕರಗುವುದು ಸುಮಾರು ಆರು ವಾರದಲ್ಲಿ ಪೂರ್ತಿ ಹೋಗುತ್ತದೆ. ಪ್ರಾಣಿಯ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ಅಂತೂ ನನ್ನ ಮಟ್ಟಿಗೆ ಬೇಡವೇ ಬೇಡ.

ಇದೆಲ್ಲ ಸ್ನಾಯುವಿನವರೆಗೆ ಹರಿದ ಗಾಯಕ್ಕೆ, ಅಥವಾ ಮಗು ಹೊರಬರಲು ಜಾಗ ಮಾಡಲೆಂದು ಡಾಕ್ಟರೋ ನರ್ಸೋ ಕೊಯ್ದ ಗಾಯಕ್ಕೆ. ಗುದದ್ವಾರದ ಸ್ನಾಯುವರೆಗೆ ಹರಿದಿದ್ದರೆ ಲೆಕ್ಕವೇ ಬೇರೆ, ಅದನ್ನು ಅನುಭವ ಇರುವ ಡಾಕ್ಟರೇ ಆಪರೇಷನ್ ಥಿಯೇಟರಿನಲ್ಲಿ ಸರಿಪಡಿಸಬೇಕು. ಅದಕ್ಕೇ ಹೊಲಿಯುವ ಮುಂಚೆಯೂ ಆಮೇಲೂ ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷೆ ಮಾಡುತ್ತಾರೆ. ಮುಜುಗರ ಅಂತ ಬೇಡ ಅನ್ನಬೇಡಿ.

ಮುಂದಿನ ಚೆಕಪ್‌ಗೆ ಹೋದಾಗ ಹೀಗೆ ಕೇಳಿ: 'ಮೇಡಂ, ಅವಶ್ಯ ಇದ್ದರೆ ಮಾತ್ರ ಕೊಯ್ತೀರಲ್ವಾ? ಹೊಲಿಗೆ ಕಂಟಿನ್ಯುವಸ್ ಹಾಕ್ತೀರಾ? ದಾರ ಯಾವುದು? ಮರಗಟ್ಟಲು ಇಂಜೆಕ್ಷನ್ ಕೊಟ್ಟೇ ಹೊಲಿಯುತ್ತೀರಲ್ವಾ?' ಎಲ್ಲರಿಗೂ ರೂಢಿಯ ಹಾಗೆ ಕೊಯ್ಯಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ಹಳೆಯ ಹೊಲಿಗೆಯ ಜಾಗದಲ್ಲಿ ಈಗಲೂ ನೋವಿದ್ದರೆ, ಅಥವಾ ಗ್ಯಾಸ್, ಮಲ ತಡೆಯಲು ಆಗದಿದ್ದರೆ, ಅದನ್ನು ಹೆರಿಗೆಗೆ ಮೊದಲೇ ತೋರಿಸಿ.