ಕುದುರೆಯ ಕಾಲಿಗೆ ಬೇಲಿ ತಂತಿ ಗೀರಿ ಸಣ್ಣ ಗಾಯವಾಗಿದೆ. ಅರಿಶಿನ ಹಚ್ಚಲೋ, ಆಯಿಂಟ್‌ಮೆಂಟ್ ಹಚ್ಚಲೋ?

ಎರಡೂ ಬೇಡ. ಕೈಯಲ್ಲಿರುವ ಡಬ್ಬಿ ಮೊದಲು ಕೆಳಗಿಡಿ. ‘ಸಣ್ಣ ಗಾಯ’ ಅಂತ ನೀವು ಬರೆದದ್ದು ಓದಿದ ಕೂಡಲೇ ನಮ್ಮ ಚಂದ್ರಿಯ ಹಿಂಗಾಲು ಕಣ್ಣ ಮುಂದೆ ಬಂತು.

ಮೈಸೂರಿನಲ್ಲಿ ಅಪ್ಪ ಜಟಕಾ ಓಡಿಸುತ್ತಿದ್ದರು. ದಸರೆಗೆ ಇನ್ನೊಂದು ತಿಂಗಳಿತ್ತು. ಲಾಯದ ಬಾಗಿಲಿನ ತಗಡು ಗೀರಿ, ಗೆಣ್ಣಿಗಿಂತ ನಾಲ್ಕು ಬೆರಳು ಮೇಲೆ ಚರ್ಮ ಎರಡು ಇಂಚು ಸೀಳಿತ್ತು. ಚಂದ್ರಿ ಕುಂಟಲಿಲ್ಲ, ಹುರುಳಿಯನ್ನೂ ಎಂದಿನಂತೆ ತಿಂದಳು. ಅಪ್ಪ ಊರಲ್ಲಿರಲಿಲ್ಲ. ನಾನು ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು ಸುರಿದೆ. ಬುಸ್ಸೆಂದು ನೊರೆ ಉಕ್ಕಿತು. ನೊರೆ ಬಂದಷ್ಟೂ ಕೊಳೆ ಹೋಗುತ್ತದೆ ಅಂತಲೇ ನಂಬಿದ್ದೆ. ಒಂದು ಸಲಕ್ಕೆ ನಿಲ್ಲಿಸಿದ್ದರೆ ಅಷ್ಟು ಕೆಡುತ್ತಿರಲಿಲ್ಲವೇನೋ. ಬೆಳಿಗ್ಗೆ ಸಂಜೆ, ಹತ್ತು ದಿನ ಬಿಡದೆ ಸುರಿದೆ.

ತಪ್ಪು ಆದದ್ದು ಅಲ್ಲೇ. ಕೊಳೆ ಯಾವುದು, ಹೊಸದಾಗಿ ಹುಟ್ಟುತ್ತಿರುವ ಮಾಂಸ ಯಾವುದು ಅಂತ ಆ ನೊರೆಗೆ ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ಮೈ ಕೂಡಿಸಿದ್ದನ್ನು ಬೆಳಿಗ್ಗೆ ಎದ್ದು ನಾನೇ ಸುಡುತ್ತಿದ್ದೆ. ಕುದುರೆಯ ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ. ಚರ್ಮ, ನಾರು, ಮೂಳೆ, ಅಷ್ಟೆ. ಅಲ್ಲಿ ಗಾಯ ಮಾಯುವುದು ತಡವಾದರೆ, ಚರ್ಮ ಮುಚ್ಚುವ ಮೊದಲೇ ಒಳಗಿನಿಂದ ಕೆಂಪು ಮಾಂಸ ಉಬ್ಬಿ ಬರುತ್ತದೆ. ಚಂದ್ರಿಗೆ ಹೂಕೋಸಿನ ಹಾಗೆ ಬಂತು, ಮುಟ್ಟಿದರೆ ರಕ್ತ. ಚರ್ಮ ಅದನ್ನು ಹತ್ತಿ ಮುಚ್ಚಲಾರದೆ ಅಂಚಿನಲ್ಲೇ ನಿಂತುಬಿಟ್ಟಿತು.

ಕೊನೆಗೆ ಪಶುವೈದ್ಯರು ಬಂದು ಉಬ್ಬಿದ್ದನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ತೆಗೆದರು. ಆ ಮಾಂಸಕ್ಕೆ ನರ ಇಲ್ಲವಾದ್ದರಿಂದ ಅವಳಿಗೆ ನೋವಾಗಲಿಲ್ಲ, ರಕ್ತ ಮಾತ್ರ ಧಾರಾಳ ಹರಿಯಿತು. ದಸರೆ ಪೂರ್ತಿ ಗಾಡಿ ಮೂಲೆಯಲ್ಲಿ ನಿಂತಿತ್ತು. ಆ ಹತ್ತು ದಿನದ ಬಾಡಿಗೆಯಲ್ಲೇ ನಮ್ಮ ಮನೆ ಮೂರು ತಿಂಗಳು ನಡೆಯುತ್ತಿದ್ದದ್ದು.

ಅದಕ್ಕೇ ಹೇಳುತ್ತೇನೆ, ಏನು ಹಚ್ಚಬೇಕು ಅನ್ನುವ ಯೋಚನೆಯೇ ಸರಿಯಿಲ್ಲ. ತೊಳೆಯಿರಿ. 1 ಲೀಟರ್ ನೀರು ಕುದಿಸಿ, ಆರಿಸಿ, 9 ಗ್ರಾಂ ಉಪ್ಪು ಹಾಕಿ (ಸುಮಾರು ಒಂದೂವರೆ ಟೀ ಚಮಚ), ಸೂಜಿ ತೆಗೆದ ಸಿರಿಂಜಿನಿಂದ ಗಾಯದೊಳಗೆ ಚಿಮ್ಮಿಸಿ. ಸುತ್ತಲಿನ ಕೂದಲು ಕತ್ತರಿಸಿ. ಕೂದಲಡಿಯಲ್ಲಿ ತಂತಿ ಚುಚ್ಚಿದ ಆಳದ ತೂತು ಅಡಗಿರಬಹುದು. ಪೊವಿಡೋನ್ ಅಯೋಡಿನ್ ಬೇಕೇ ಬೇಕೆಂದರೆ ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಆಮೇಲೆ ಹತ್ತಿ ದಪ್ಪಗೆ ಸುತ್ತಿ ಬ್ಯಾಂಡೇಜ್ ಕಟ್ಟಿ, ಹುರಿ ಬಿಗಿದ ಹಾಗೆ ಬಿಗಿಯಬೇಡಿ. ಅರಿಶಿನ ನಮ್ಮ ಬೆರಳಿಗೆ ಇರಲಿ. ಕುದುರೆ ಕಾಲಿಗೆ ಮೆತ್ತಿದರೆ ಪುಡಿ ಗಾಯದಲ್ಲೇ ಕೂರುತ್ತದೆ, ಒಳಗೆ ಕೀವಾಗಿದೆಯೋ ಇಲ್ಲವೋ ಅದರ ಹಳದಿಯಲ್ಲಿ ಕಾಣುವುದೂ ಇಲ್ಲ.

ಗಾಯ ಬಾಯಿ ಬಿಟ್ಟಿದ್ದರೆ ಹೊಲಿಗೆಗೆ ಮೊದಲ ಕೆಲವು ಗಂಟೆಗಳೇ ಒಳ್ಳೆಯ ಸಮಯ, ನಾಳೆಗೆ ಬಿಡಬೇಡಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ಅದರ ರೋಗಾಣು ಮಣ್ಣು, ಲದ್ದಿಯಲ್ಲೇ ಇರುತ್ತದೆ. ಟಿ.ಟಿ. ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಗೆಣ್ಣಿನ ಹತ್ತಿರದ ಗಾಯದಿಂದ ಮೊಟ್ಟೆಯ ಬಿಳಿಯಂತೆ ಅಂಟಂಟು ನೀರು ಬಂದರೆ, ಅಥವಾ ಕುಂಟತೊಡಗಿದರೆ, ನಾನು ಹೇಳಿದ್ದನ್ನೆಲ್ಲ ಬಿಟ್ಟು ಅವರನ್ನು ತಕ್ಷಣ ಕರೆಸಿ.

ಗಾಯ ಗೆಣ್ಣಿನಿಂದ ಎಷ್ಟು ಬೆರಳು ದೂರ ಇದೆ ಅಂತ ನೀವು ಬರೆದಿಲ್ಲ. ನೋಡಿ ತಿಳಿಸಿ.