ಡಿಲೇ ಟೈಮ್ ಹೆಚ್ಚಿಸಿದರೆ ಕುಯ್ ಅನ್ನುವ ಶಬ್ದ: ಮೊದಲು ಬ್ಯಾಟರಿಯಲ್ಲಿ ನಡೆಸಿ ನೋಡಿ

ನಿಮ್ಮ ಗಿಟಾರಿನ ಅನಲಾಗ್ ಡಿಲೇ ಪೆಡಲ್‌ನಲ್ಲಿ (ನುಡಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಪೆಟ್ಟಿಗೆ) ಡಿಲೇ ಟೈಮ್ ಹೆಚ್ಚಿಸಿದರೆ ಕುಯ್ ಅನ್ನುವ ಶಬ್ದ ಬರುತ್ತದೆ, ಟೈಮ್ ನಾಬ್ ತಿರುಗಿಸಿದಂತೆ ಅದರ ಸ್ವರವೂ ಬದಲಾಗುತ್ತದೆ, ಐದು ಪೆಡಲ್‌ಗಳಿಗೂ ಒಂದೇ ಅಡಾಪ್ಟರ್ ಅಂದಿದ್ದೀರಿ. ಹಾಗಾದರೆ ಅದು ಬಹುಪಾಲು ಕ್ಲಾಕ್ ಶಬ್ದವೇ. ಅನಲಾಗ್ ಡಿಲೇಯ ಬಿಬಿಡಿ (ಬಕೆಟ್ ಬ್ರಿಗೇಡ್ ಡಿವೈಸ್) ಚಿಪ್ ಸಿಗ್ನಲ್ಲನ್ನು ಒಂದು ಕೆಪಾಸಿಟರ್‌ನಿಂದ ಮುಂದಿನದಕ್ಕೆ ದಾಟಿಸುತ್ತಾ ಹೋಗುತ್ತದೆ, ಹೀಗೆ ದಾಟಿಸುವ ತಾಳ ಕೊಡುವುದೇ ಕ್ಲಾಕ್. ಡಿಲೇ ಜಾಸ್ತಿ ಬೇಕೆಂದರೆ ಕ್ಲಾಕ್ ನಿಧಾನವಾಗಬೇಕು. 4096 ಹಂತಗಳ ಚಿಪ್‌ನಲ್ಲಿ 300 ಮಿಲಿಸೆಕೆಂಡ್ ಡಿಲೇಗೆ ಕ್ಲಾಕ್ ಸುಮಾರು 6.8 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅದು ಕಿವಿಗೆ ಕೇಳುವ ಸ್ವರವೇ ಅಲ್ವಾ? ಒಳಗಿನ ಫಿಲ್ಟರ್ ಅದನ್ನು ಪೂರ್ತಿ ತಡೆಯುವುದಿಲ್ಲ.

ಉಳಿದ ಪೆಡಲ್‌ಗಳನ್ನು ಬಿಚ್ಚಿ ಗಿಟಾರ್, ಡಿಲೇ, ಆಂಪ್ ಮಾತ್ರ ಜೋಡಿಸಿ. ಬ್ಯಾಟರಿಗೆ ಜಾಗವಿದ್ದರೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಶಬ್ದ ನಿಂತರೆ ಪೆಡಲ್ ಚೆನ್ನಾಗಿದೆ. ನೀವು ಒಂದೇ ಅಡಾಪ್ಟರ್‌ನಿಂದ ಐದು ಪೆಡಲ್‌ಗಳಿಗೆ ಕರೆಂಟ್ ಕೊಡುತ್ತಿರುವುದೇ ಬಹುಶಃ ಕಾರಣ. ಡಿಲೇಗೆ ಬೇರೆ ಅಡಾಪ್ಟರ್ ಕೊಡಿ, ಇಲ್ಲವೇ ಐಸೊಲೇಟೆಡ್ ಪವರ್ ಸಪ್ಲೈ (ಪ್ರತಿ ಪೆಡಲ್‌ಗೂ ಪ್ರತ್ಯೇಕವಾಗಿ ಕರೆಂಟ್ ಕೊಡುವಂಥದ್ದು) ತೆಗೆದುಕೊಳ್ಳಿ.

ನಿಲ್ಲದಿದ್ದರೆ ಡಿಲೇ ಟೈಮ್ ಸ್ವಲ್ಪ ಇಳಿಸಿ. ಡ್ರೈವ್ ಪೆಡಲ್ (ಗಿಟಾರ್ ಶಬ್ದವನ್ನು ಒರಟು ಮಾಡುವಂಥದ್ದು) ಡಿಲೇ ನಂತರ ಇದ್ದರೆ ಅದನ್ನು ಡಿಲೇಗಿಂತ ಮೊದಲು ಜೋಡಿಸಿ. ಇಲ್ಲದಿದ್ದರೆ ಅದು ಡಿಲೇಯ ಶಬ್ದವನ್ನೂ ದೊಡ್ಡದು ಮಾಡುತ್ತದೆ. ರಿಪೀಟ್‌ಗಳ (ಮರಳಿ ಕೇಳುವ ಪ್ರತಿಧ್ವನಿಗಳ) ಜೊತೆ ಬರುವ ತೆಳು ಹಿಸ್ ಈ ಬಗೆಯ ಪೆಡಲ್‌ಗೆ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಳಗಿನ ಟ್ರಿಮ್‌ಪಾಟ್‌ಗಳನ್ನು (ಹೊಂದಿಸಲು ಇರುವ ಪುಟ್ಟ ತಿರುಪುಗಳನ್ನು) ಮಾತ್ರ ಸುಮ್ನೆ ತಿರುಗಿಸಬೇಡಿ, ದಯವಿಟ್ಟು. ಬಯಾಸ್ (ಚಿಪ್ ಸರಿಯಾಗಿ ಕೆಲಸ ಮಾಡಲು ಹೊಂದಿಸಿದ ವೋಲ್ಟೇಜ್) ತಪ್ಪಿದರೆ ರಿಪೀಟ್‌ಗಳು ಒಡೆದು ಕೇಳುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ. ಬ್ಯಾಟರಿಯಲ್ಲೂ, ಕಡಿಮೆ ಡಿಲೇಯಲ್ಲೂ ಶಬ್ದ ಜೋರಾಗಿದ್ದರೆ ಆಸಿಲೋಸ್ಕೋಪ್ (ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇರುವ ರಿಪೇರಿಯವರಿಗೆ ಕೊಡಿ.